ಬಂದವರು, ಹೋದವರು: ಐರನ್ ಮೇಡನ್‌ನ ಮೊದಲ ನಾಲ್ಕು ವರ್ಷ

ಸಂಸ್ಥೆಗಳ ಸ್ಮರಣ ಸಂಚಿಕೆ ಎಂದರೆ ಅಧ್ಯಕ್ಷರ, ಕಾರ್ಯದರ್ಶಿಗಳ ಪಟ್ಟಿ ಇರಲೇಬೇಕು; ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾರು ಯಾವ ಹೊಣೆ ಹೊತ್ತಿದ್ದರು ಎಂಬುದು ಅದರಿಂದ ತಿಳಿಯುತ್ತದೆ. ಐರನ್ ಮೇಡನ್ ಬ್ಯಾಂಡಿಗೆ ಐವತ್ತು ತುಂಬಿದ ನೆನಪಿಗೆ ಬೆಂಗಳೂರಿನ ಕೇಳುಗರು ತರುತ್ತಿರುವ ಈ ಸಂಚಿಕೆಗೆ ಅಂಥದ್ದೊಂದು ಪಟ್ಟಿ ಮಾಡಹೊರಟರೆ ಮೊದಲ ನಾಲ್ಕು ವರ್ಷಕ್ಕೇ ಹಾಳೆ ತುಂಬಿಹೋಗುತ್ತದೆ. 1975ರ ಡಿಸೆಂಬರಿನಿಂದ 1979ರ ಡಿಸೆಂಬರಿನ ನಡುವೆ ಈ ಬ್ಯಾಂಡಿನಲ್ಲಿ ಮೂವರು ಗಾಯಕರು ಹಾಡಿದರು, ನಾಲ್ವರು ಡ್ರಮ್ಸ್ ಬಾರಿಸಿದರು, ಒಬ್ಬರು ಕೀಬೋರ್ಡ್ ನುಡಿಸಿದರು. ಗಿಟಾರ್ ಹಿಡಿದು ಬಂದು ಹೋದವರಂತೂ ಇನ್ನೂ ಹೆಚ್ಚು. ಬಾಸ್ ಗಿಟಾರ್ ನುಡಿಸಿದವರು ಮಾತ್ರ ಮೊದಲಿನಿಂದ ಇಂದಿನವರೆಗೆ ಒಬ್ಬರೇ, ಸ್ಟೀವ್ ಹ್ಯಾರಿಸ್.

ಬ್ಯಾಂಡ್ ಜಗತ್ಪ್ರಸಿದ್ಧವಾದ ಮೇಲಿನ ಕತೆ ಎಲ್ಲರಿಗೂ ಗೊತ್ತಿದೆ, ಅದನ್ನು ಹೇಳಲು ಈ ಸಂಚಿಕೆಯಲ್ಲಿ ಬೇರೆಯವರಿದ್ದಾರೆ. ನನ್ನ ಪಾಲಿಗೆ ಬಂದಿರುವುದು ಅದಕ್ಕೂ ಹಿಂದಿನ ಹವ್ಯಾಸಿ ದಿನಗಳು. ಹಗಲು ದುಡಿದು ರಾತ್ರಿ ನುಡಿಸುತ್ತಿದ್ದ, ಪಬ್ಬಿನ ಮೂಲೆಯ ವೇದಿಕೆಯೇ ದೊಡ್ಡದೆನಿಸಿದ್ದ, ನಾಳೆ ಯಾರು ಇರುತ್ತಾರೆ ಯಾರು ಬಿಡುತ್ತಾರೆ ಎಂದು ಹೇಳಲಾಗದಿದ್ದ ಕಾಲ ಅದು. ಬ್ಯಾಂಡಿಗೆ ತಾನು ಯಾರೆಂದು ಗೊತ್ತಾದದ್ದು ಈ ನಾಲ್ಕು ವರ್ಷಗಳಲ್ಲಿ, ಮತ್ತು ಅದನ್ನು ತಿಳಿಸಿಕೊಟ್ಟವರಲ್ಲಿ ಉಳಿದವರಿಗಿಂತ ಬಿಟ್ಟುಹೋದವರ ಪಾಲೇ ದೊಡ್ಡದು ಎಂಬುದು ನನ್ನ ನಂಬಿಕೆ. ಅಭಿಮಾನಿಗಳು ಬರೆಯುವ ಚರಿತ್ರೆಯಲ್ಲಿ ಈ ಹೆಸರುಗಳು ಒಂದು ಸಾಲಿನಲ್ಲಿ ಮುಗಿದುಹೋಗುತ್ತವೆ. ಇಲ್ಲಿ ಅವರಿಗೆ ಅವರ ಜಾಗ ಸಿಗಲಿ.

ಯಕ್ಷಗಾನ ಬಲ್ಲವರಿಗೆ ಈ ಬಂದುಹೋಗುವಿಕೆ ಹೊಸದಲ್ಲ. ಒಂದು ತಿರುಗಾಟ ಮುಗಿದು ಗೆಜ್ಜೆ ಬಿಚ್ಚಿದ ಮೇಲೆ ಮುಂದಿನ ತಿರುಗಾಟಕ್ಕೆ ಭಾಗವತರು ಯಾರು, ಮುಮ್ಮೇಳದಲ್ಲಿ ಯಾರಿದ್ದಾರೆ ಎಂಬ ಮಾತು ಮಳೆಗಾಲವಿಡೀ ನಡೆಯುತ್ತದೆ. ಕಲಾವಿದರು ಮೇಳ ಬಿಡುತ್ತಾರೆ, ಬೇರೆ ಮೇಳ ಸೇರುತ್ತಾರೆ, ಮೇಳ ಮುಂದುವರಿಯುತ್ತದೆ. ಆದರೆ ಮೇಳಕ್ಕೆ ಒಂದು ದೇವಸ್ಥಾನದ ಹೆಸರಿರುತ್ತದೆ, ಯಜಮಾನರಿರುತ್ತಾರೆ, ಎಲ್ಲರೂ ಬಲ್ಲ ಪ್ರಸಂಗಗಳಿರುತ್ತವೆ. ಪೂರ್ವ ಲಂಡನ್ನಿನ ಆ ಹುಡುಗರಿಗೆ ಇದಾವುದೂ ಇರಲಿಲ್ಲ. ಹೆಸರು, ಹಾಡು, ವೇಷ ಎಲ್ಲವನ್ನೂ ಅವರೇ ಕಟ್ಟಿಕೊಳ್ಳಬೇಕಿತ್ತು.

ಹ್ಯಾರಿಸ್ ಹುಟ್ಟಿದ್ದು 1956ರ ಮಾರ್ಚ್ 12ರಂದು, ಲಂಡನ್ನಿನ ಲೇಟನ್‌ಸ್ಟೋನ್‌ನಲ್ಲಿ. ಫುಟ್‌ಬಾಲ್ ಹುಚ್ಚು ಎಷ್ಟಿತ್ತೆಂದರೆ ವೆಸ್ಟ್ ಹ್ಯಾಮ್ ಯುನೈಟೆಡ್ ಕ್ಲಬ್ಬಿನಲ್ಲಿ ಕಿರಿಯರ ತರಬೇತಿಗೆ ಹೋಗುವ ಮಟ್ಟಕ್ಕೆ ಬೆಳೆದಿದ್ದರು. ಮುಂದೆ ನಕ್ಷೆ ಬರೆಯುವ ಕೆಲಸ ಹಿಡಿದರು. ಅದು ಹೋದಾಗ ಬೀದಿ ಗುಡಿಸುವ ಕೆಲಸವನ್ನೂ ಮಾಡಿದರು. ಬಾಸ್ ಗಿಟಾರನ್ನು ತಾವೇ ಕಲಿತರು. ಸಣ್ಣ ಪ್ಲಾಸ್ಟಿಕ್ ಪಿಕ್ ಬಳಸದೆ ಬೆರಳುಗಳಿಂದಲೇ ತಂತಿ ಮೀಟುವುದು ಅವರ ಕ್ರಮ. ಕುದುರೆ ನಾಗಾಲೋಟದಂಥ ಆ ಲಯ ಮುಂದೆ ಇಡೀ ಬ್ಯಾಂಡಿನ ಗುರುತಾಯಿತು.

ಅವರ ಮೊದಲ ಬ್ಯಾಂಡಿನ ಹೆಸರು ಇನ್‌ಫ್ಲುಯೆನ್ಸ್. ಸ್ವಲ್ಪ ದಿನದಲ್ಲೇ ಅದು ಜಿಪ್ಸೀಸ್ ಕಿಸ್ ಆಯಿತು, ಹೆಚ್ಚು ಕಾಲ ಬಾಳಲಿಲ್ಲ. ಆಮೇಲೆ ತಮಗಿಂತ ದೊಡ್ಡವರಿದ್ದ ಸ್ಮೈಲರ್ ಎಂಬ ಬ್ಯಾಂಡನ್ನು ಸೇರಿದರು. ಅಲ್ಲಿ ಡ್ರಮ್ಸ್ ಬಾರಿಸುತ್ತಿದ್ದವರು ಡಗ್ ಸ್ಯಾಂಪ್ಸನ್, ಹಾಡುತ್ತಿದ್ದವರು ಡೆನಿಸ್ ವಿಲ್ಕಾಕ್. ಈ ಎರಡೂ ಹೆಸರುಗಳು ಮುಂದೆ ಮತ್ತೆ ಬರುತ್ತವೆ. ಹ್ಯಾರಿಸ್ ತಾವು ಬರೆದ ಹಾಡುಗಳನ್ನು ತಂದರೆ ಸ್ಮೈಲರ್‌ನ ಹಿರಿಯರಿಗೆ ಒಪ್ಪಿಗೆಯಾಗಲಿಲ್ಲ. ಒಂದೇ ಹಾಡಿನಲ್ಲಿ ಇಷ್ಟೊಂದು ಸಲ ಲಯ ಬದಲಾದರೆ ಹೇಗೆ ಎಂಬುದು ಅವರ ಆಕ್ಷೇಪ. ಅವರಿಗೆ ಬೇಕಾಗಿದ್ದದ್ದು ಪಬ್ಬಿನಲ್ಲಿ ಜನ ಕುಣಿಯಬಹುದಾದ ಬ್ಲೂಸ್ ಮತ್ತು ಬೂಗಿ. ಹ್ಯಾರಿಸ್ ಕೇಳುತ್ತಿದ್ದದ್ದು ಜೆತ್ರೋ ಟಲ್, ಜೆನೆಸಿಸ್, ಯೆಸ್, ವಿಶ್‌ಬೋನ್ ಆ್ಯಶ್, ಯುಎಫ್ಒ. ಆಗ ತಿರಸ್ಕೃತವಾದ ‘ಇನ್ನೊಸೆಂಟ್ ಎಕ್ಸೈಲ್’ 1981ರಲ್ಲಿ ಬ್ಯಾಂಡಿನ ಎರಡನೆಯ ಆಲ್ಬಮ್ಮಿನಲ್ಲಿ ಜಾಗ ಪಡೆಯಿತು. ಅದೇ ಕಾಲದ ಇನ್ನೊಂದು ಹಾಡು ‘ಬರ್ನಿಂಗ್ ಆ್ಯಂಬಿಷನ್’ 1980ರ ಮೊದಲ ಸಿಂಗಲ್‌ನ ಹಿಂಬದಿಯಲ್ಲಿ ಬಂತು. ಹಾಡು ಬದಲಾಯಿಸಿಕೊಳ್ಳುವುದಕ್ಕಿಂತ ಬ್ಯಾಂಡನ್ನೇ ಬದಲಾಯಿಸುವುದು ಮೇಲು ಎಂದು ಹತ್ತೊಂಬತ್ತರ ಹುಡುಗ ನಿರ್ಧರಿಸಿದ್ದರಿಂದ ಐರನ್ ಮೇಡನ್ ಹುಟ್ಟಿತು.

ಹುಟ್ಟಿದ ದಿನವೆಂದು ದಾಖಲಾಗಿರುವುದು 1975ರ ಡಿಸೆಂಬರ್ 25. ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿಯನ್ನು ಆಧರಿಸಿದ ‘ದಿ ಮ್ಯಾನ್ ಇನ್ ದಿ ಐರನ್ ಮಾಸ್ಕ್’ ಚಿತ್ರ ನೋಡಿದಾಗ ಈ ಹೆಸರು ಹೊಳೆಯಿತೆಂದು ಹ್ಯಾರಿಸ್ ಹೇಳಿದ್ದಾರೆ. ಒಳಮೈಗೆ ಮೊಳೆ ಬಡಿದ, ಮನುಷ್ಯಾಕಾರದ ಚಿತ್ರಹಿಂಸೆಯ ಪೆಟ್ಟಿಗೆಯ ಹೆಸರದು. ಮೊದಲ ಲೈನಪ್ಪಿನಲ್ಲಿ ಪಾಲ್ ಡೇ ಗಾಯಕರು, ಡೇವ್ ಸಲಿವನ್ ಮತ್ತು ಟೆರಿ ರಾನ್ಸ್ ಗಿಟಾರ್, ರಾನ್ ಮ್ಯಾಥ್ಯೂಸ್ ಡ್ರಮ್ಸ್. 1976ರ ಮೇ 1ರಂದು ಪಾಪ್ಲರ್‌ನ ಸೇಂಟ್ ನಿಕೊಲಸ್ ಹಾಲ್‌ನಲ್ಲಿ ಮೊದಲ ಪ್ರದರ್ಶನ. ಸ್ವಲ್ಪ ದಿನದಲ್ಲೇ ಸ್ಟ್ರಾಟ್‌ಫರ್ಡ್‌ನ ಮೇರಿಲ್ಯಾಂಡ್ ಪಾಯಿಂಟ್‌ನಲ್ಲಿದ್ದ ಕಾರ್ಟ್ ಆ್ಯಂಡ್ ಹಾರ್ಸಸ್ ಪಬ್ಬಿನಲ್ಲಿ ಮೇಲಿಂದ ಮೇಲೆ ನುಡಿಸುವ ಅವಕಾಶ ದೊರೆಯಿತು. ಆ ಪಬ್ ಇಂದಿಗೂ ತನ್ನನ್ನು ಐರನ್ ಮೇಡನ್‌ನ ಜನ್ಮಸ್ಥಳವೆಂದು ಕರೆದುಕೊಳ್ಳುತ್ತದೆ.

ಪಾಲ್ ಡೇ ಅವರಿಗೆ ಒಳ್ಳೆಯ ಕಂಠವಿತ್ತು. ಆದರೆ ವೇದಿಕೆಯ ಮೇಲೆ ಕಸುವು ಸಾಲದು, ಜನರನ್ನು ಹಿಡಿದು ನಿಲ್ಲಿಸುವ ಚೈತನ್ಯ ಇಲ್ಲ ಎಂಬ ಕಾರಣ ನೀಡಿ 1976ರಲ್ಲೇ ಅವರನ್ನು ಬಿಡಿಸಿದರು. ಬ್ಯಾಂಡ್ ತನ್ನ ಬಗ್ಗೆ ಕಲಿತ ಮೊದಲ ಪಾಠ ಇದು: ಚೆನ್ನಾಗಿ ಹಾಡಿದರಷ್ಟೇ ಸಾಲದು, ನೋಡುವುದಕ್ಕೂ ಏನಾದರೂ ಇರಬೇಕು. ಅಮೆರಿಕದ ಕಿಸ್ ಬ್ಯಾಂಡಿನ ಮುಖವರ್ಣಿಕೆ ಮತ್ತು ಬೆಂಕಿಯಾಟಗಳ ಸುದ್ದಿ ಲಂಡನ್ನಿಗೂ ತಲುಪಿದ್ದ ಕಾಲ. ಹ್ಯಾರಿಸ್ ತಮ್ಮ ಹಳೆಯ ಗೆಳೆಯ ಡೆನಿಸ್ ವಿಲ್ಕಾಕ್ ಅವರನ್ನು ಕರೆತಂದರು. ವಿಲ್ಕಾಕ್ ಕಿಸ್‌ನ ಭಕ್ತರು. ಮುಖಕ್ಕೆ ಬಣ್ಣ ಬಳಿದು, ಬಾಯಿಗೆ ಕತ್ತಿ ಸವರಿ ಕೃತಕ ರಕ್ತ ಸುರಿಸುತ್ತಿದ್ದರು. ಸಣ್ಣ ಪಬ್ಬಿನಲ್ಲಿ, ನಾಲ್ಕಡಿ ದೂರದಲ್ಲಿ ನಿಂತ ಗಾಯಕನ ಬಾಯಿಂದ ಹಾಗೆ ರಕ್ತ ಇಳಿದರೆ ನೋಡುಗರಿಗೆ ಏನನ್ನಿಸಿರಬೇಡ!

ವಿಲ್ಕಾಕ್ ತಮ್ಮ ಜೊತೆಗೆ ಇನ್ನೊಬ್ಬರನ್ನು ಪರಿಚಯಿಸಿದರು: ಡೇವ್ ಮರ್ರಿ. ಈ ಒಂದು ಕಾರಣಕ್ಕಾಗಿಯಾದರೂ ವಿಲ್ಕಾಕ್ ಅವರ ಹೆಸರು ಬ್ಯಾಂಡಿನ ಚರಿತ್ರೆಯಲ್ಲಿ ದಪ್ಪಕ್ಷರದಲ್ಲಿರಬೇಕು. ಮರ್ರಿ ಗಿಟಾರ್ ನುಡಿಸಿದ ದಿನವೇ ಹ್ಯಾರಿಸ್‌ಗೆ ಇವರನ್ನು ಬಿಡಬಾರದೆನಿಸಿತು. ಆದರೆ ಮೊದಲೇ ಇದ್ದ ಇಬ್ಬರು ಗಿಟಾರ್ ವಾದಕರಿಗೆ ಮೂರನೆಯವರು ಬೇಡವಾಗಿತ್ತು. ಮಾತು ಬಿಗಡಾಯಿಸಿತು. ಹ್ಯಾರಿಸ್ ಬ್ಯಾಂಡನ್ನೇ ವಿಸರ್ಜಿಸಿ, ಸ್ವಲ್ಪ ದಿನ ಬಿಟ್ಟು ಮರ್ರಿ ಒಬ್ಬರನ್ನೇ ಗಿಟಾರಿಗೆ ಇಟ್ಟುಕೊಂಡು ಅದೇ ಹೆಸರಲ್ಲಿ ಮತ್ತೆ ಕಟ್ಟಿದರು. ಸಲಿವನ್ ಮತ್ತು ರಾನ್ಸ್ ಮೊದಲ ದಿನದಿಂದ ದುಡಿದವರು. ಅವರನ್ನು ಕಳೆದುಕೊಂಡದ್ದು ಸಣ್ಣ ಸಂಗತಿಯಲ್ಲ. ಹೆಸರು ಯಾರದ್ದು ಎಂಬ ಪ್ರಶ್ನೆಗೆ ಇಲ್ಲಿ ಮೊದಲ ಉತ್ತರ ಸಿಕ್ಕಿತು. ಹಾಡು ಬರೆಯುತ್ತಿದ್ದವರು, ಪ್ರದರ್ಶನ ಗೊತ್ತುಮಾಡುತ್ತಿದ್ದವರು, ಬಿದ್ದರೆ ಎತ್ತಿ ನಿಲ್ಲಿಸುತ್ತಿದ್ದವರು ಹ್ಯಾರಿಸ್. ಹೆಸರೂ ಅವರ ಬಳಿಯೇ ಉಳಿಯಿತು.

1977 ಬ್ಯಾಂಡಿನ ಅತಿ ಗೊಂದಲದ ವರ್ಷ. ಎರಡನೆಯ ಗಿಟಾರಿಗೆ ಬಾಬ್ ಸಾಯರ್ ಬಂದರು. ಹಲ್ಲಿನಿಂದ ಗಿಟಾರ್ ನುಡಿಸುವಂತೆ ನಟಿಸುವ ಅವರ ವೇದಿಕೆಯ ಆಟ ಉಳಿದವರಿಗೆ ಮುಜುಗರ ತಂದಿತು, ಅವರು ಹೊರನಡೆಯಬೇಕಾಯಿತು. ಸಂಗೀತಕ್ಕೆ ಮೆರುಗು ಕೊಡುವ ಆಟ ಬೇರೆ, ಸಂಗೀತದ ಜಾಗದಲ್ಲಿ ಬಂದು ಕೂರುವ ಆಟ ಬೇರೆ. ಈ ಗೆರೆಯನ್ನು ಹ್ಯಾರಿಸ್ ಅಂದೇ ಎಳೆದರು. ಆದರೆ ಅದೇ ಹೊತ್ತಿಗೆ ವಿಲ್ಕಾಕ್ ಮತ್ತು ಮರ್ರಿ ನಡುವೆ ವೈಮನಸ್ಯ ಬೆಳೆದಿತ್ತು. ಗಾಯಕರ ಒತ್ತಾಯಕ್ಕೆ ಮಣಿದು ಹ್ಯಾರಿಸ್ ಮರ್ರಿಯವರನ್ನೇ ಕೈಬಿಟ್ಟರು. ಮೊದಲಿನಿಂದ ಜೊತೆಗಿದ್ದ ಡ್ರಮ್ಮರ್ ರಾನ್ ಮ್ಯಾಥ್ಯೂಸ್ ಕೂಡ ಹೋದರು. ಆ ನಾಲ್ಕು ವರ್ಷಗಳಲ್ಲಿ ಹ್ಯಾರಿಸ್ ತೆಗೆದುಕೊಂಡ ನಿರ್ಧಾರಗಳಲ್ಲಿ ಮರ್ರಿಯವರನ್ನು ಬಿಟ್ಟದ್ದು ಅತ್ಯಂತ ತಪ್ಪಾದದ್ದು ಎಂದು ನಾನು ಹೇಳುತ್ತೇನೆ. ಮರ್ರಿ ಸುಮ್ಮನಿರಲಿಲ್ಲ, ಬಾಲ್ಯದ ಗೆಳೆಯ ಏಡ್ರಿಯನ್ ಸ್ಮಿತ್ ನಡೆಸುತ್ತಿದ್ದ ಅರ್ಚಿನ್ ಬ್ಯಾಂಡನ್ನು ಸೇರಿದರು.

ಇತ್ತ ಹೊಸ ಲೈನಪ್. ಗಿಟಾರಿಗೆ ಟೆರಿ ವಾಪ್ರಮ್, ಡ್ರಮ್ಸ್‌ಗೆ ಮುಂದೆ ಥಂಡರ್‌ಸ್ಟಿಕ್ ಎಂದೇ ಹೆಸರಾದ ಬ್ಯಾರಿ ಪರ್ಕಿಸ್, ಮತ್ತು ಬ್ಯಾಂಡಿನ ಚರಿತ್ರೆಯಲ್ಲೇ ಮೊದಲ ಬಾರಿಗೆ ಕೀಬೋರ್ಡ್, ಟೋನಿ ಮೂರ್. ಒಂದೇ ಗಿಟಾರ್, ಜೊತೆಗೆ ಕೀಬೋರ್ಡ್ ಎಂಬ ಈ ಕಟ್ಟಡ ಆ ಕಾಲಕ್ಕೆ ಸಹಜವಾದದ್ದೇ. ಡೀಪ್ ಪರ್ಪಲ್, ಯುರಾಯ ಹೀಪ್‌ನಂಥ ದೊಡ್ಡ ಬ್ಯಾಂಡುಗಳ ಬಲ ಅದರಲ್ಲೇ ಇತ್ತು. 1977ರ ನವೆಂಬರಿನಲ್ಲಿ ಕ್ಯಾನಿಂಗ್ ಟೌನ್‌ನ ಬ್ರಿಡ್ಜ್ ಹೌಸ್ ಪಬ್ಬಿನಲ್ಲಿ ಅವರು ನುಡಿಸಿದರು. ಸರಿಹೋಗಲಿಲ್ಲ. ಹ್ಯಾರಿಸ್‌ನ ಬಾಸ್ ಹಾಡಿನ ಮುಂದಾಳಾಗಿ ಓಡುತ್ತದೆ. ಅದರ ಮೇಲೆ ಎರಡು ಗಿಟಾರುಗಳು ಜೊತೆಸ್ವರದಲ್ಲಿ ಒಂದೇ ರಾಗವನ್ನು ಹೆಣೆಯಲು ಜಾಗ ಬೇಕು. ಕೀಬೋರ್ಡಿನ ದೀರ್ಘ ಸ್ವರಗಳು ಆ ಜಾಗವನ್ನೆಲ್ಲ ತುಂಬಿಕೊಂಡವು. ಬ್ಯಾಂಡಿನ ನಾದ ಯಾವುದೆಂದು ಆ ರಾತ್ರಿ ಹ್ಯಾರಿಸ್‌ಗೆ ಸ್ಪಷ್ಟವಾಯಿತು. ಮೂರ್ ಹೊರಟರು, ಮುಂದೆ ಕಟಿಂಗ್ ಕ್ರೂ ಎಂಬ ಪಾಪ್ ಬ್ಯಾಂಡಿನಲ್ಲಿ ಹೆಸರು ಮಾಡಿದರು. ಥಂಡರ್‌ಸ್ಟಿಕ್ ಕೂಡ ಹೆಚ್ಚು ದಿನ ನಿಲ್ಲದೆ ಮುಂದೆ ಸ್ಯಾಮ್ಸನ್ ಬ್ಯಾಂಡ್ ಸೇರಿ, ಮುಖವಾಡ ಹಾಕಿ ಪಂಜರದೊಳಗೆ ಕೂತು ಡ್ರಮ್ಸ್ ಬಾರಿಸಿ ಪ್ರಸಿದ್ಧರಾದರು. ಆ ಸ್ಯಾಮ್ಸನ್‌ನಲ್ಲಿ ಹಾಡುತ್ತಿದ್ದ ಯುವಕ ಬ್ರೂಸ್ ಡಿಕಿನ್ಸನ್. ಲಂಡನ್ನಿನ ಈ ಬ್ಯಾಂಡುಗಳೆಲ್ಲ ಒಬ್ಬರನ್ನೊಬ್ಬರು ಬಲ್ಲವು. ಒಂದು ಕಡೆ ಬಿಟ್ಟವರು ಇನ್ನೊಂದು ಕಡೆ ಸಿಗುತ್ತಿದ್ದರು.

ಬ್ರಿಡ್ಜ್ ಹೌಸ್‌ನ ಆ ರಾತ್ರಿ ಪ್ರೇಕ್ಷಕರ ನಡುವೆ ಡಗ್ ಸ್ಯಾಂಪ್ಸನ್ ಇದ್ದರು, ಸ್ಮೈಲರ್‌ನ ಹಳೆಯ ಡ್ರಮ್ಮರ್. ಹ್ಯಾರಿಸ್ ಅವರನ್ನು ಬ್ಯಾಂಡ್ ಸೇರಲು ಒಪ್ಪಿಸಿದರು. 1978ರಲ್ಲಿ ವಿಲ್ಕಾಕ್ ಸಾಕೆಂದು ಬ್ಯಾಂಡ್ ಬಿಟ್ಟು ತಮ್ಮದೇ ವಿ1 ಕಟ್ಟಿದರು. ಅವರು ಹೋದ ಕೂಡಲೇ ಹ್ಯಾರಿಸ್ ಮಾಡಿದ ಮೊದಲ ಕೆಲಸ ಡೇವ್ ಮರ್ರಿಯವರನ್ನು ಮರಳಿ ಕರೆತಂದದ್ದು. ತಾವೊಬ್ಬರೇ ಗಿಟಾರ್ ನುಡಿಸಬೇಕೆಂದಿದ್ದ ವಾಪ್ರಮ್ ಅದನ್ನು ಒಪ್ಪಲಿಲ್ಲ, ಅವರೂ ಹೊರಬಂದರು. ಎರಡು ಗಿಟಾರ್ ಇರಬೇಕು ಎಂಬುದು ಅಲ್ಲಿಂದಾಚೆಗೆ ನಿಯಮವಾಯಿತು. ಆದರೆ ಎರಡನೆಯ ಗಿಟಾರಿನ ಕುರ್ಚಿ ಇನ್ನೂ ಎರಡು ವರ್ಷ ಯಾರಿಗೂ ನೆಲೆ ಕೊಡಲಿಲ್ಲ.

1978ರ ಬೇಸಿಗೆ ಮತ್ತು ಶರತ್ಕಾಲ ಮೂವರೇ ಅಭ್ಯಾಸ ಮಾಡಿದರು: ಹ್ಯಾರಿಸ್, ಮರ್ರಿ, ಸ್ಯಾಂಪ್ಸನ್. ಗಾಯಕರಿಲ್ಲ, ಪ್ರದರ್ಶನವಿಲ್ಲ. ಈ ಮೌನದ ತಿಂಗಳುಗಳ ಬಗ್ಗೆ ಬರೆಯುವವರು ಕಡಿಮೆ. ಆದರೆ ಮೊದಲ ಎರಡು ಆಲ್ಬಮ್ಮುಗಳಲ್ಲಿ ನಾವು ಕೇಳುವ ಆ ಬಿಗಿ, ಲಯ ತಿರುಗುವಲ್ಲಿ ಒಬ್ಬರೂ ತಪ್ಪದ ಆ ಹಿಡಿತ, ಕೇಳುವವರಿಲ್ಲದ ಆ ಅಭ್ಯಾಸದ ಕೋಣೆಯಲ್ಲೇ ಹುರಿಗಟ್ಟಿರಬೇಕು ಎಂದು ನನಗನ್ನಿಸುತ್ತದೆ. ಸ್ಯಾಂಪ್ಸನ್ ಹ್ಯಾರಿಸ್‌ನ ಬೆರಳುಗಳನ್ನು ಸ್ಮೈಲರ್ ಕಾಲದಿಂದ ಬಲ್ಲವರು.

ಹೊರಗೆ ಕಾಲ ಇವರ ಪರವಾಗಿರಲಿಲ್ಲ. 1976-77ರಲ್ಲಿ ಲಂಡನ್ನಿನಲ್ಲಿ ಪಂಕ್ ಎದ್ದಿತ್ತು. ಮೂರು ನಿಮಿಷದ ಹಾಡು, ಗಿಡ್ಡ ಕೂದಲು, ಗಿಟಾರ್ ಸೋಲೊ ಎಂದರೆ ತಿರಸ್ಕಾರ. ಪಬ್ಬುಗಳು, ಪತ್ರಿಕೆಗಳು, ರೆಕಾರ್ಡ್ ಕಂಪನಿಗಳು ಆ ಕಡೆಗೆ ತಿರುಗಿದ್ದವು. ಕೂದಲು ಕತ್ತರಿಸಿ ಪಂಕ್ ನುಡಿಸಿ ಎಂಬ ಸಲಹೆ ಬಂದದ್ದನ್ನೂ ಅದನ್ನು ತಾವು ತಳ್ಳಿಹಾಕಿದ್ದನ್ನೂ ಹ್ಯಾರಿಸ್ ನೆನೆದಿದ್ದಾರೆ. ಏಳು ನಿಮಿಷ ನಡೆಯುವ, ನಡುವೆ ನಾಲ್ಕಾರು ಸಲ ಲಯ ಬದಲಿಸುವ ‘ಫ್ಯಾಂಟಮ್ ಆಫ್ ದಿ ಒಪೆರಾ’ದಂಥ ಹಾಡು ಇಟ್ಟುಕೊಂಡವರಿಗೆ ಪಂಕ್ ಆಗುವುದು ಹೇಗೂ ಸಾಧ್ಯವಿರಲಿಲ್ಲ.

ಆದರೂ ಪಂಕ್‌ನಿಂದ ಇವರಿಗೆ ಏನೂ ಬರಲಿಲ್ಲ ಎನ್ನುವುದು ಸರಿಯಲ್ಲ. 1978ರ ನವೆಂಬರಿನಲ್ಲಿ ಲೇಟನ್‌ಸ್ಟೋನ್‌ನ ರೆಡ್ ಲಯನ್ ಪಬ್ಬಿನಲ್ಲಿ ಆಕಸ್ಮಿಕವಾಗಿ ಪರಿಚಯವಾಗಿ ಗಾಯಕರಾಗಿ ಸೇರಿದ ಪಾಲ್ ಡಿಯಾನೊ ಚಿಂಗ್‌ಫರ್ಡ್‌ನ ಹುಡುಗ. ಪಂಕ್ ಇಷ್ಟಪಡುತ್ತಿದ್ದವರು, ಕೂದಲು ಗಿಡ್ಡ, ದನಿಯಲ್ಲಿ ಬೀದಿಯ ಒರಟು. ಮೆಟಲ್ ಗಾಯಕರೆಂದರೆ ತಾರಸ್ಥಾಯಿಯಲ್ಲಿ ಕಿರುಚುವವರು ಎಂಬ ರೂಢಿಗೆ ಈ ಕಂಠ ಒಗ್ಗುವಂಥದ್ದಲ್ಲ. ಆದರೆ ಹ್ಯಾರಿಸ್‌ನ ತಿರುವುಗಳುಳ್ಳ ರಚನೆಗೆ ಆ ಒರಟು ಕಂಠ ಸೇರಿದಾಗ ಯಾರೂ ಕೇಳಿರದ ಒಂದು ಸಂಗೀತವಾಯಿತು. ವೇಗವಿತ್ತು, ಕೋಪವಿತ್ತು, ಜೊತೆಗೆ ವಿದ್ವತ್ತೂ ಇತ್ತು. ಡಿಯಾನೊ ಹಾಡಿದ ಆ ಮೊದಲ ಎರಡು ಆಲ್ಬಮ್ಮುಗಳನ್ನು ಇಂದಿಗೂ ಕೆಲವರು ಬ್ಯಾಂಡಿನ ಎಲ್ಲ ಕೆಲಸಕ್ಕಿಂತ ಮೇಲೆ ಇಡುತ್ತಾರೆ. ನಾನೂ ಅವರ ಜೊತೆಗಿದ್ದೇನೆ.

ಡಿಯಾನೊ ಬಂದ ಕೆಲವೇ ವಾರಗಳಲ್ಲಿ, 1978ರ ಡಿಸೆಂಬರ್ 31ರಂದು, ಕೇಂಬ್ರಿಜ್‌ನ ಸ್ಪೇಸ್‌ವರ್ಡ್ ಸ್ಟುಡಿಯೊದಲ್ಲಿ ನಾಲ್ಕು ಹಾಡುಗಳ ಡೆಮೊ ಧ್ವನಿಮುದ್ರಣ ನಡೆಯಿತು: ‘ಐರನ್ ಮೇಡನ್’, ‘ಇನ್ವೇಷನ್’, ‘ಪ್ರೌಲರ್’, ‘ಸ್ಟ್ರೇಂಜ್ ವರ್ಲ್ಡ್’. ಮಾಸ್ಟರ್ ಟೇಪನ್ನು ಕೊಂಡುಕೊಳ್ಳುವಷ್ಟು ದುಡ್ಡಿರಲಿಲ್ಲ. ಹಣ ಹೊಂದಿಸಿಕೊಂಡು ಮರಳಿ ಬಂದು ಮಿಕ್ಸಿಂಗ್ ಮಾಡೋಣವೆಂದುಕೊಂಡು ಹೋದರು. ಬರುವಷ್ಟರಲ್ಲಿ ಟೇಪ್ ಅಳಿಸಿಹೋಗಿತ್ತು. ಕೈಯಲ್ಲಿದ್ದ ಪ್ರತಿಯೇ ಗತಿ.

ಆ ಪ್ರತಿ ನೀಲ್ ಕೇ ಎಂಬ ಡಿಜೆ ಕೈಸೇರಿತು. ವಾಯವ್ಯ ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ಅವರು ನಡೆಸುತ್ತಿದ್ದ ಬ್ಯಾಂಡ್‌ವ್ಯಾಗನ್ ಹೆವಿ ಮೆಟಲ್ ಸೌಂಡ್‌ಹೌಸ್ ಬರೀ ಮೆಟಲ್ ರೆಕಾರ್ಡುಗಳನ್ನೇ ಹಾಕುವ ರಾತ್ರಿಕೂಟ. ಅಲ್ಲಿಗೆ ಬಂದವರು ಕೇಳಿ ಬೇಡಿದ ಹಾಡುಗಳ ಪಟ್ಟಿಯನ್ನು ‘ಸೌಂಡ್ಸ್’ ವಾರಪತ್ರಿಕೆ ಪ್ರಕಟಿಸುತ್ತಿತ್ತು. 1979ರಲ್ಲಿ ‘ಪ್ರೌಲರ್’ ಆ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ದೊಡ್ಡ ಕಂಪನಿಗಳ ರೆಕಾರ್ಡುಗಳನ್ನೆಲ್ಲ ದಾಟಿ, ಇನ್ನೂ ಮಾರಾಟಕ್ಕೇ ಬಾರದ ಒಂದು ಡೆಮೊ! ಕೇಳುಗರು ತಾವಾಗಿ ಆರಿಸಿದರು, ಯಾವ ಕಂಪನಿಯೂ ಹೇಳಿಕೊಟ್ಟದ್ದಲ್ಲ. 1979ರ ಮೇ 8ರಂದು ಕ್ಯಾಮ್ಡನ್‌ನ ಮ್ಯೂಸಿಕ್ ಮಶೀನ್‌ನಲ್ಲಿ ಏಂಜೆಲ್ ವಿಚ್, ಸ್ಯಾಮ್ಸನ್ ಜೊತೆಗೆ ಐರನ್ ಮೇಡನ್ ನುಡಿಸಿತು. ಆ ಕಾರ್ಯಕ್ರಮದ ವರದಿಯೊಂದಿಗೆ ‘ನ್ಯೂ ವೇವ್ ಆಫ್ ಬ್ರಿಟಿಷ್ ಹೆವಿ ಮೆಟಲ್’ ಎಂಬ ಹೆಸರನ್ನು ‘ಸೌಂಡ್ಸ್’ ಬಳಕೆಗೆ ತಂದಿತು. ಅದುವರೆಗೆ ಒಂಟಿಯಾಗಿದ್ದ ಹುಡುಗರಿಗೆ ತಾವೊಂದು ಚಳವಳಿಯ ಭಾಗ ಎಂದು ತಿಳಿದದ್ದು ಆಗ.

ಇದೇ ದಿನಗಳಲ್ಲಿ ಡೆಮೊ ಕೇಳಿ ಬಂದವರು ರಾಡ್ ಸ್ಮಾಲ್‌ವುಡ್. ಹ್ಯಾಮರ್‌ಸ್ಮಿತ್‌ನ ಸ್ವಾನ್ ಪಬ್ಬಿನಲ್ಲಿ ಅವರಿಗಾಗಿ ಏರ್ಪಾಡಾದ ಪ್ರದರ್ಶನಕ್ಕೆ ಸ್ವಲ್ಪ ಮೊದಲು, ಜೇಬಿನಲ್ಲಿ ಚಾಕು ಇದ್ದುದಕ್ಕೆ ಪೊಲೀಸರು ಡಿಯಾನೊ ಅವರನ್ನು ಕರೆದೊಯ್ದರು. ಹ್ಯಾರಿಸ್ ತಾವೇ ಹಾಡಿ ಪ್ರದರ್ಶನ ಮುಗಿಸಿದರು. ಗಾಯಕರಿಲ್ಲದೆಯೂ ನಿಲ್ಲದ ಬ್ಯಾಂಡನ್ನು ಕಂಡ ಸ್ಮಾಲ್‌ವುಡ್ ವ್ಯವಸ್ಥಾಪಕರಾದರು. ಇಂದಿಗೂ ಆ ಹೊಣೆ ಅವರದೇ.

ಬ್ಯಾಂಡಿನ ಮುಖದ ಕತೆಯನ್ನು ಇಲ್ಲಿ ಹೇಳಬೇಕು, ಗುರುತಿನ ಹುಡುಕಾಟದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಅದು. ವಿಲ್ಕಾಕ್ ಹೋದ ಮೇಲೆ ಬಣ್ಣ, ಕತ್ತಿ, ರಕ್ತ ಎಲ್ಲವೂ ಅವರೊಂದಿಗೇ ಹೋಗಬೇಕಿತ್ತು. ಹಾಗಾಗಲಿಲ್ಲ. ವೇದಿಕೆಯ ಹಿಂಬದಿಯಲ್ಲಿ ಬ್ಯಾಂಡಿನ ಹೆಸರಿನ ಜೊತೆ ಒಂದು ಮುಖವಾಡ ತೂಗುಹಾಕಿದರು, ಹೆಸರು ಎಡ್ಡಿ. ಬೆಳಕಿನ ಹೊಣೆ ಹೊತ್ತಿದ್ದ ಡೇವ್ ಬೀಸ್ಲಿ ಅದಕ್ಕೆ ದೀಪ ಜೋಡಿಸಿದರು, ಮೀನಿನ ತೊಟ್ಟಿಗೆ ಬಳಸುವ ಪಂಪ್ ಕೂರಿಸಿದರು. ‘ಐರನ್ ಮೇಡನ್’ ಹಾಡು ಮುಗಿಯುವ ಹೊತ್ತಿಗೆ ಎಡ್ಡಿಯ ಬಾಯಿಂದ ಕೆಂಪು ನೀರು ಚಿಮ್ಮಿ ಕೆಳಗೆ ಕೂತ ಡ್ರಮ್ಮರ್ ತಲೆಯ ಮೇಲೆ ಬೀಳುತ್ತಿತ್ತು. ಗಾಯಕನ ಬಾಯಲ್ಲಿದ್ದ ರಕ್ತ ಮುಖವಾಡದ ಬಾಯಿಗೆ ವರ್ಗವಾದದ್ದು ಸಣ್ಣ ಬದಲಾವಣೆಯಂತೆ ಕಾಣುತ್ತದೆ. ಆದರೆ ಒಬ್ಬ ಮನುಷ್ಯನ ಮುಖ ಬ್ಯಾಂಡಿನ ಮುಖವಾಗಿದ್ದರೆ ಆತ ಬಿಟ್ಟ ದಿನ ಬ್ಯಾಂಡಿಗೆ ಮುಖವಿಲ್ಲ. ಎಡ್ಡಿ ಯಾರ ಮುಖವೂ ಅಲ್ಲವಾದ್ದರಿಂದ ಯಾರೂ ಅದನ್ನು ತಮ್ಮೊಂದಿಗೆ ಒಯ್ಯಲಾರರು. ಅಷ್ಟು ಜನರನ್ನು ಕಳೆದುಕೊಂಡ ಬ್ಯಾಂಡಿಗೇ ಇಂಥ ಮುಖದ ಅಗತ್ಯ ಹೊಳೆಯಲು ಸಾಧ್ಯ. 1980ರಲ್ಲಿ ಡೆರೆಕ್ ರಿಗ್ಸ್ ಅವರ ಚಿತ್ರ ಎಡ್ಡಿಗೆ ಮೈ ಕೊಟ್ಟಿತು. ಮೊದಲ ಸಿಂಗಲ್ ‘ರನಿಂಗ್ ಫ್ರೀ’ಯ ಹೊದಿಕೆಯಲ್ಲಿ ಅವನ ಮುಖವನ್ನು ನೆರಳಲ್ಲಿಟ್ಟು, ಆಲ್ಬಮ್ ಬಂದಾಗಷ್ಟೇ ಪೂರ್ತಿ ತೋರಿಸಿದರು.

ಡೆಮೊದ ಮೂರು ಹಾಡುಗಳು 1979ರ ನವೆಂಬರ್ 9ರಂದು ‘ದಿ ಸೌಂಡ್‌ಹೌಸ್ ಟೇಪ್ಸ್’ ಎಂಬ ಹೆಸರಿನಲ್ಲಿ ಬ್ಯಾಂಡಿನದೇ ಲೇಬಲ್ ರಾಕ್ ಹಾರ್ಡ್ ರೆಕಾರ್ಡ್ಸ್‌ನಿಂದ ಬಂದವು. ‘ಸ್ಟ್ರೇಂಜ್ ವರ್ಲ್ಡ್’ನ ಧ್ವನಿಮುದ್ರಣ ಸಮಾಧಾನ ತರದ ಕಾರಣ ಅದನ್ನು ಬಿಟ್ಟರು. ಅಚ್ಚಾದದ್ದು 5,000 ಪ್ರತಿ, ಮಾರಾಟ ಅಂಚೆಯ ಮೂಲಕ. ಮೊದಲ ವಾರದಲ್ಲೇ 3,000 ಖರ್ಚಾದವು. ದೊಡ್ಡ ಅಂಗಡಿಗಳು ಇನ್ನಷ್ಟು ಪ್ರತಿ ಕೇಳಿದರೂ ಬ್ಯಾಂಡ್ ಒಪ್ಪಲಿಲ್ಲ. ಮೊದಲಿನಿಂದ ಜೊತೆಗಿದ್ದವರಿಗೆಂದು ಮಾಡಿದ ರೆಕಾರ್ಡ್ ಅವರಿಗೇ ಇರಲಿ ಎಂದಿತು. ಹಣದ ಅಗತ್ಯ ಅಷ್ಟಿದ್ದಾಗ ತೆಗೆದುಕೊಂಡ ಈ ನಿಲುವಿಗೆ ನನ್ನ ಗೌರವವಿದೆ.

ಎರಡನೆಯ ಗಿಟಾರಿನ ಕುರ್ಚಿಯಲ್ಲಿ 1979ರೊಳಗೇ ಪಾಲ್ ಕೇರ್ನ್ಸ್, ಪಾಲ್ ಟಾಡ್, ಟೋನಿ ಪಾರ್ಸನ್ಸ್ ಕೂತು ಎದ್ದರು. ಪಾರ್ಸನ್ಸ್ ನುಡಿಸಿದ್ದು ‘ಮೆಟಲ್ ಫಾರ್ ಮದಾಸ್’ ಸಂಕಲನದ ಎರಡು ಹಾಡುಗಳಲ್ಲಿ ಉಳಿದಿದೆ. ಮರ್ರಿಗೆ ಏಡ್ರಿಯನ್ ಸ್ಮಿತ್ ಬೇಕಿತ್ತು, ಆದರೆ ಸ್ಮಿತ್ ತಮ್ಮ ಅರ್ಚಿನ್ ಬಿಟ್ಟು ಬರಲು ಒಪ್ಪಲಿಲ್ಲ. ಡಿಸೆಂಬರಿನಲ್ಲಿ ಡೆನಿಸ್ ಸ್ಟ್ರಾಟನ್ ಬಂದರು. ಅದೇ ತಿಂಗಳು ಇಎಂಐ ಜೊತೆ ಒಪ್ಪಂದವಾಯಿತು. ಅದೇ ತಿಂಗಳು ಡಗ್ ಸ್ಯಾಂಪ್ಸನ್ ಆರೋಗ್ಯದ ಕಾರಣ ಹೊರಬಂದರು. ಬಿಡುವಿಲ್ಲದ ಪ್ರಯಾಣ ಅವರ ಮೈಗೆ ಆಗುತ್ತಿರಲಿಲ್ಲ. ಎರಡು ವರ್ಷ ಕಷ್ಟದಲ್ಲಿ ಜೊತೆಗಿದ್ದು, ದೊಡ್ಡ ಬಾಗಿಲು ತೆರೆದ ವಾರಗಳಲ್ಲೇ ಹೊರಡಬೇಕಾಯಿತು. ಈ ಪಟ್ಟಿಯಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವ ಹೆಸರು ಇದೇ. ಸ್ಯಾಂಪ್ಸನ್ ಜಾಗಕ್ಕೆ ಸ್ಟ್ರಾಟನ್ ಸೂಚಿಸಿದ ಕ್ಲೈವ್ ಬರ್ ಬಂದರು. 1980ರ ಏಪ್ರಿಲ್ 14ರಂದು ಬಂದ ಮೊದಲ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು.

ಹವ್ಯಾಸಿ ಕಾಲ ಅಲ್ಲಿಗೆ ಮುಗಿಯಿತು, ಬದಲಾವಣೆ ಮುಗಿಯಲಿಲ್ಲ. 1980ರ ಅಕ್ಟೋಬರಿನಲ್ಲಿ ಸ್ಟ್ರಾಟನ್ ಜಾಗಕ್ಕೆ ಕೊನೆಗೂ ಸ್ಮಿತ್, 1981ರಲ್ಲಿ ಡಿಯಾನೊ ಜಾಗಕ್ಕೆ ಡಿಕಿನ್ಸನ್, 1982ರ ಕೊನೆಗೆ ಬರ್ ಜಾಗಕ್ಕೆ ನಿಕೊ ಮೆಕ್‌ಬ್ರೇನ್. ಆದರೆ ಆಗ ಬಂದವರು ಬ್ಯಾಂಡ್ ಏನೆಂದು ತಿಳಿದು ಬಂದರು. ಮೊದಲ ಎರಡು ಆಲ್ಬಮ್ಮುಗಳ ಹಾಡುಗಳಲ್ಲಿ ಬಹುಪಾಲು ಪಬ್ ದಿನಗಳವೇ. ಹಳೆಯ ‘ಫ್ಲೋಟಿಂಗ್’ ಎಂಬುದು ಎರಡನೆಯ ಆಲ್ಬಮ್ಮಿನಲ್ಲಿ ‘ಪರ್ಗಟರಿ’ಯಾಗಿ ಹೊಸ ರೂಪ ತಾಳಿತು. ಬ್ರಿಡ್ಜ್ ಹೌಸ್‌ನಲ್ಲಿ ಬೇಡವಾದ ಕೀಬೋರ್ಡ್ ಕೂಡ 1988ರ ‘ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್’ನಲ್ಲಿ ಮರಳಿತು, ಈ ಬಾರಿ ಗಿಟಾರುಗಳಿಗೆ ಹಿನ್ನೆಲೆಯಾಗಿ.

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ಬ್ಯಾಂಡ್ ಭಾರತದಲ್ಲಿ ಮೊದಲ ಬಾರಿ ನುಡಿಸಿತು. 2009ರ ಫೆಬ್ರುವರಿಯಲ್ಲಿ ಮತ್ತೆ ಬಂತು. ಅಂದು ವೇದಿಕೆಯ ಮೇಲಿದ್ದ ಆರು ಜನರಲ್ಲಿ ಪಬ್ ದಿನಗಳವರು ಹ್ಯಾರಿಸ್ ಮತ್ತು ಮರ್ರಿ ಇಬ್ಬರೇ. ಬೆಂಗಳೂರಿನ ಹುಡುಗರಿಗೆ ಅದು ಎಷ್ಟು ದೊಡ್ಡ ಸಂಗತಿಯಾಗಿತ್ತು ಎಂಬುದನ್ನು ಈ ಊರಿನ ಬ್ಯಾಂಡುಗಳೇ ಹೇಳುತ್ತವೆ. 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಕಟ್ಟಿದ ಇಲ್ಲಿನ ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದವರೆಗೆ ಹೋಗಿ ನುಡಿಸಿತು. ಅದರಲ್ಲೂ ಜನ ಬಂದರು, ಹೋದರು. ಗಣೇಶ್ ಕೂಡ ಮುಂದೆ ಬಿಟ್ಟರು, ಲೂಯಿಸ್ ಉಳಿದರು. 2016ರ ‘ಬರ್ನ್ ಅಪ್ ದಿ ನೈಟ್’ ಹೊತ್ತಿಗೆ ಅವರ ಸಂಗೀತ ಹಳೆಯ ಬ್ರಿಟಿಷ್ ಮೆಟಲ್ಲಿನ ಸ್ಪಷ್ಟ ರಾಗಗಳತ್ತ ಬಹುದೂರ ಸಾಗಿ ಬಂದಿತ್ತು.

ಬಿಟ್ಟುಹೋದವರನ್ನು ಐರನ್ ಮೇಡನ್ ಪೂರ್ತಿ ಮರೆಯಲಿಲ್ಲ ಎಂಬುದನ್ನೂ ದಾಖಲಿಸಬೇಕು. ಕ್ಲೈವ್ ಬರ್ ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂದಾಗ 2002ರ ಮಾರ್ಚಿನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಅಕಾಡೆಮಿಯಲ್ಲಿ ನಿಧಿಗಾಗಿ ಪ್ರದರ್ಶನಗಳನ್ನು ಕೊಟ್ಟರು. ಬರ್ 2013ರಲ್ಲಿ ತೀರಿಕೊಂಡರು. 2022ರ ಮೇ ತಿಂಗಳಲ್ಲಿ ಕ್ರೊಯೇಷಿಯಾದ ಝಾಗ್ರೆಬ್‌ನಲ್ಲಿ ಗಾಲಿಕುರ್ಚಿಯಲ್ಲಿದ್ದ ಡಿಯಾನೊ ಅವರನ್ನು ಹ್ಯಾರಿಸ್ ಭೇಟಿಯಾದರು. ಡಿಯಾನೊ 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ನಿಕೊ ಮೆಕ್‌ಬ್ರೇನ್ ಪ್ರವಾಸಗಳಿಂದ ನಿವೃತ್ತರಾಗಿ, ಸೈಮನ್ ಡಾಸನ್ ಡ್ರಮ್ಸ್ ಹಿಂದೆ ಕೂತರು.

ಐವತ್ತರ ಸಂಭ್ರಮದ ಪ್ರವಾಸ 2025ರ ಮೇ ತಿಂಗಳಲ್ಲಿ ಬುಡಾಪೆಸ್ಟ್‌ನಲ್ಲಿ ಆರಂಭವಾಯಿತು. ಜೂನ್ 28ರಂದು ಅವರು ನುಡಿಸಿದ್ದು ಲಂಡನ್ ಸ್ಟೇಡಿಯಮ್‌ನಲ್ಲಿ. ಅದು ವೆಸ್ಟ್ ಹ್ಯಾಮ್ ಕ್ಲಬ್ಬಿನ ಈಗಿನ ತವರು ಮೈದಾನ, ಇರುವುದು ಸ್ಟ್ರಾಟ್‌ಫರ್ಡ್‌ನಲ್ಲಿ, ಕಾರ್ಟ್ ಆ್ಯಂಡ್ ಹಾರ್ಸಸ್ ಪಬ್ಬಿಗೆ ಸಮೀಪದಲ್ಲೇ. ಆ ಪಬ್ಬಿನಲ್ಲಿ ಬ್ಯಾಂಡಿಗಾಗಿ ಮೊದಲು ಹಾಡಿದ ಪಾಲ್ ಡೇ ಬ್ಯಾಂಡ್ ಬಿಟ್ಟ ಮೇಲೆ ಮೋರ್ ಎಂಬ ಬ್ಯಾಂಡಿನಲ್ಲಿ ಹಾಡಿ, 1981ರಲ್ಲಿ ‘ವಾರ್‌ಹೆಡ್’ ಆಲ್ಬಮ್ ತಂದಿದ್ದರು. ಮುಂದೆ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರು. ಲಂಡನ್ ಸ್ಟೇಡಿಯಮ್‌ನ ಪ್ರದರ್ಶನದ ಮರುತಿಂಗಳು, ಜುಲೈಯಲ್ಲಿ, ಅವರು ಅಲ್ಲೇ ನಿಧನರಾದರು; ಬ್ಯಾಂಡ್ ತನ್ನ ಮೊದಲ ಗಾಯಕರಿಗೆ ಶ್ರದ್ಧಾಂಜಲಿ ಸಲ್ಲಿಸಿತು.